ಪೊಪೊ ಬಿಟ್ಟ ಮಾತ್ರೆಗಳು

ಯಜ್ಞನಾರಾಯಣ ಉಪಾಧ್ಯರು ಕುಸಿದದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಆರು ಐವತ್ತಕ್ಕೆ. ಆಸ್ಪತ್ರೆಯ ಕಾಗದದಲ್ಲಿ ಇಷ್ಟು ಸರಿಯಾದ ಸಮಯ ದಾಖಲಾದದ್ದು ವೆರೊನಿಕಾಳಿಂದ. ಅವರ ಬಲಗೈ ಎದೆಯ ಮಟ್ಟದಲ್ಲಿ ನಿಂತುಬಿಟ್ಟದ್ದನ್ನು ಕಂಡ ಕೂಡಲೇ ಅವಳು ತನ್ನ ಕೈಗಡಿಯಾರ ನೋಡಿದ್ದಳು.

ಕಾಪು ಪೇಟೆಯಲ್ಲಿ ಮಹಿಳಾ ಮಂಡಲವೊಂದರ ಸಭಾಂಗಣದ ಎದುರು ಸಿಮೆಂಟಿನ ಅಂಗಳವಿದೆ. ವಾರದಲ್ಲಿ ಐದು ದಿನ ವೆರೊನಿಕಾ ಅಲ್ಲಿ ತೈ ಚಿ ಎಂಬ ಚೀನಾದ ನಿಧಾನ ವ್ಯಾಯಾಮ ಕಲಿಸುತ್ತಿದ್ದಳು. ಆ ದಿನ ಕಲಿಯುವ ನಾಲ್ಕೂ ಜನ ಬಂದಿದ್ದರು. ಮೋಡ ಸರಿಸುವ ಭಂಗಿ ನಡೆಯುತ್ತಿತ್ತು. ಮೈಯ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲಗೆ ಇಳಿಯಬೇಕು, ಕೈಗಳು ಮುಖದ ಮುಂದೆ ಒಂದರ ಹಿಂದೊಂದು ತೇಲಿ ಹೋಗಬೇಕು. ಉಪಾಧ್ಯರ ಎಡಗೈ ಹೋಯಿತು, ಬಲಗೈ ಹೋಗಲಿಲ್ಲ. ಅದು ಬೇರೆ ಯಾರದೋ ಕೈ ಎನ್ನುವಂತೆ ಅವರು ಅದನ್ನೇ ನೋಡಿದರು. ಏನೋ ಹೇಳಲು ಹೊರಟರು. ಬಾಯಿಯ ಒಂದು ಬದಿ ಮಾತ್ರ ತೆರೆಯಿತು. ಆಮೇಲೆ ಬಲಗಾಲು ಮಡಚಿತು.

ವೆರೊನಿಕಾ ಅವರ ಬೆನ್ನಿಗೆ ಕೈ ಕೊಟ್ಟು, ತಲೆ ನೆಲಕ್ಕೆ ಬಡಿಯದಂತೆ ಇಳಿಸಿ ಮಗ್ಗುಲಾಗಿ ಮಲಗಿಸಿದಳು. ಯಾರೋ ಬಾಯಿಗೆ ನೀರು ಹಾಕಲು ಬಂದರು, ಬೇಡವೆಂದು ತಡೆದಳು. ಹಾರ್ಡ್‌ವೇರ್ ಅಂಗಡಿಯ ಜಿತೇಂದ್ರ ಅವಳ ವಿದ್ಯಾರ್ಥಿಗಳಲ್ಲಿ ಒಬ್ಬ. ಅವನು ಕಾರನ್ನು ಅಂಗಳದೊಳಕ್ಕೇ ತಂದ. ಆಂಬುಲೆನ್ಸಿಗೆ ಕಾಯುವ ಬದಲು ಅದರಲ್ಲೇ ಹೊರಟರು. ಹಿಂದಿನ ಸೀಟಿನಲ್ಲಿ ಉಪಾಧ್ಯರ ತಲೆ ವೆರೊನಿಕಾಳ ತೊಡೆಯ ಮೇಲಿತ್ತು. ಅವರ ಕಣ್ಣು ತೆರೆದೇ ಇತ್ತು. ಕಟಪಾಡಿ ದಾಟುವಾಗ ಅವರು ಎಡಗೈಯಲ್ಲಿ ಅವಳ ಮಣಿಕಟ್ಟು ಹಿಡಿದರು. ಉದ್ಯಾವರದ ಸೇತುವೆಯ ಮೇಲೆ ಲಾರಿಗಳು ನಿಂತಿದ್ದವು. ಜಿತೇಂದ್ರ ಹಾರ್ನಿನಿಂದ ಕೈ ತೆಗೆಯಲಿಲ್ಲ. ಮಣಿಪಾಲದ ಆಸ್ಪತ್ರೆ ತಲುಪಿದಾಗ ಏಳೂವರೆ.

ಬಿಪಿ ಉಂಟಾ ಎಂದು ತುರ್ತು ವಿಭಾಗದ ಡಾಕ್ಟರು ಕೇಳಿದರು. ಉಂಟು, ದಿನಾ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದಳು ವೆರೊನಿಕಾ. ಹಾಗೆಂದೇ ಅವಳು ನಂಬಿದ್ದಳು. ಡಾಕ್ಟರು ಯಂತ್ರದ ಮೇಲಿನ ಅಂಕಿ ನೋಡಿದರು, ಅವಳ ಮುಖ ನೋಡಿದರು, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ಎರಡನೆಯ ಸಲ ಉತ್ತರಿಸುವಾಗ ಅವಳಿಗೆ ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ನೆನಪಿಗೆ ಬಂತು. ಅವಳ ಧ್ವನಿ ಇಳಿಯಿತು.

ವೆರೊನಿಕಾಳ ಊರು ಶಿರ್ವ. ಆ ಊರಿನಲ್ಲಿ ಮನೆಗೊಬ್ಬರು ಕೊಲ್ಲಿ ದೇಶಗಳಿಗೆ ಹೋದರೆ ಅವಳು ಹೋದದ್ದು ಹಾಂಗ್‌ಕಾಂಗಿಗೆ. ಹದಿನೇಳು ವರ್ಷ ಒಂದೇ ಮನೆಯಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಂಡಳು. ಮನೆಯವರು ಆಕೆಯನ್ನು ಪೊಪೊ, ಅಂದರೆ ಅಜ್ಜಿ ಎಂದು ಕರೆಯುತ್ತಿದ್ದರು. ಇವಳೂ ಹಾಗೆಯೇ ಕರೆದಳು. ಪ್ರತಿ ಬೆಳಿಗ್ಗೆ ಪೊಪೊಳನ್ನು ಪಾರ್ಕಿಗೆ ಕರೆದೊಯ್ಯಬೇಕು. ಅಲ್ಲಿ ಮೂವತ್ತು ನಲವತ್ತು ಮಂದಿ ಮುದುಕರು ಸಾಲಾಗಿ ನಿಂತು ತೈ ಚಿ ಮಾಡುತ್ತಿದ್ದರು. ಮೊದಲ ವರ್ಷ ವೆರೊನಿಕಾ ಬೆಂಚಿನಲ್ಲಿ ಕೂತು ನೋಡಿದಳು. ಎರಡನೆಯ ವರ್ಷ ಪೊಪೊ ಬೀಳದ ಹಾಗೆ ಹಿಂದೆ ನಿಲ್ಲಬೇಕಾಯಿತು. ನಿಂತಲ್ಲಿ ಸುಮ್ಮನಿರಲಾಗದೆ ತಾನೂ ಮಾಡಿದಳು. ಪೊಪೊ ತೀರಿಕೊಂಡು ಇವಳು ಊರಿಗೆ ಮರಳುವಾಗ ವಯಸ್ಸು ಐವತ್ತಮೂರು. ಕೈಯಲ್ಲಿ ಯಾವ ಪ್ರಮಾಣಪತ್ರವೂ ಇರಲಿಲ್ಲ. ಮೈ ಕಲಿತದ್ದು ಮೈಯಲ್ಲಿತ್ತು, ಅಷ್ಟೆ.

ನವೆಂಬರಿನಲ್ಲಿ ತರಗತಿ ಶುರುಮಾಡಿದಾಗ ಬಂದವರು ನಾಲ್ಕು ಜನ. ಅವರಲ್ಲಿ ಉಪಾಧ್ಯರು ಒಬ್ಬರು. ಅವರು ಎಲ್ಲೂರಿನವರು, ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹನ್ನೊಂದು ವರ್ಷದಿಂದ ರಕ್ತದೊತ್ತಡ. ಸಿಟ್ಟು ಅದಕ್ಕಿಂತ ಹಳೆಯದು. ತಲೆಬಿಸಿ ಕಡಿಮೆ ಮಾಡಿಕೊಳ್ಳಿ, ಮೈಗೆ ವ್ಯಾಯಾಮ ಕೊಡಿ ಎಂದು ಡಾಕ್ಟರು ಹೇಳಿದ್ದರು. ಮೊದಲ ವಾರ ಅವರು ಪ್ರತಿ ಭಂಗಿಗೂ ಕಾರಣ ಕೇಳಿದರು. ಮಂಡಿ ಯಾಕೆ ಇಷ್ಟೇ ಮಡಚಬೇಕು, ಉಸಿರು ಯಾಕೆ ಇಲ್ಲೇ ಬಿಡಬೇಕು. ತಿಂಗಳು ಕಳೆಯುವಾಗ ಪ್ರಶ್ನೆಗಳು ನಿಂತವು. ಒಳ್ಳೆಯ ನಿದ್ದೆ ಬರುತ್ತದೆ ಎಂದರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ಬಿಟ್ಟುಹೋಯಿತು. ತನಗಿಂತ ಹದಿನಾಲ್ಕು ವರ್ಷ ಚಿಕ್ಕವಳನ್ನು ಅವರು ‘ಟೀಚರ್’ ಎಂದೇ ಕರೆಯುತ್ತಿದ್ದರು. ಅದು ವೆರೊನಿಕಾಳಿಗೆ ಎಷ್ಟು ಹಿತವಾಗುತ್ತಿತ್ತು ಎಂದರೆ, ಬಸ್ಸಿನಲ್ಲಿ ಶಿರ್ವಕ್ಕೆ ಮರಳುವಾಗ ಒಬ್ಬಳೇ ನಗುತ್ತಿದ್ದಳು.

ಡಿಸೆಂಬರಿನಲ್ಲಿ ಒಂದು ದಿನ ತರಗತಿ ಮುಗಿಸಿ ಕೆಲವರು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು. ಜಿತೇಂದ್ರ, ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಬಾಗಲಕೋಟೆ ಕಡೆಯ ಶೈಲಶ್ರೀ, ಉಪಾಧ್ಯರು. ಶೈಲಶ್ರೀಗೆ ತುಳು ಬಾರದ್ದರಿಂದ ಮಾತೆಲ್ಲ ಕನ್ನಡದಲ್ಲಿ. ವೆರೊನಿಕಾ ಪೊಪೊಳ ಕಥೆ ಹೇಳಿದಳು. ಪೊಪೊಗೆ ಎಂಬತ್ತು ವರ್ಷವಾದಾಗ ದಿನಕ್ಕೆ ಆರು ಮಾತ್ರೆ ಇದ್ದವು, ತೈ ಚಿ ಮಾಡಿ ಮಾಡಿ ನಾಲ್ಕನ್ನು ಬಿಟ್ಟೇಬಿಟ್ಟಳು, ತೊಂಬತ್ತೊಂದರವರೆಗೆ ಬದುಕಿದಳು. ಕೇಳಿದವರು ಬೆರಗಾದರು.

ಆ ಕಥೆಯಲ್ಲಿ ಸುಳ್ಳು ಇರಲಿಲ್ಲ. ಒಂದು ಭಾಗವನ್ನು ಮಾತ್ರ ಅವಳು ಹೇಳಲಿಲ್ಲ. ಮಾತ್ರೆಗಳನ್ನು ಇಳಿಸಿದ್ದು ಡಾಕ್ಟರು, ಅದೂ ಎರಡು ವರ್ಷದಲ್ಲಿ ಒಂದೊಂದಾಗಿ, ತಿಂಗಳು ತಿಂಗಳು ರಕ್ತ ಪರೀಕ್ಷೆ ಮಾಡಿ. ಅದನ್ನು ಸೇರಿಸಿದರೆ ಕಥೆ ಸಪ್ಪೆಯಾಗುತ್ತಿತ್ತು. ನಾಲ್ಕೇ ಜನರ ತರಗತಿ ನಿಲ್ಲಬಾರದು ಎಂಬ ಆಸೆ ಅವಳಿಗಿತ್ತು.

“ಹಾಗಾದ್ರೆ ನಾನೂ ಬಿಡಬಹುದು ಅಲ್ವಾ ಟೀಚರ್?” ಎಂದು ಉಪಾಧ್ಯರು ಕೇಳಿದ್ದರು.

ವೆರೊನಿಕಾ ನಕ್ಕಿದ್ದಳು. “ನೋಡುವ,” ಎಂದಿದ್ದಳು.

ಈಗ ಆಸ್ಪತ್ರೆಯ ಉದ್ದ ಕಾರಿಡಾರಿನ ಕುರ್ಚಿಯಲ್ಲಿ ಕೂತು ಅವಳು ಆ ಒಂದು ಮಾತನ್ನು ಹತ್ತು ಬಗೆಯಲ್ಲಿ ಹೇಳಿ ನೋಡಿಕೊಂಡಳು. ಯಾವ ಬಗೆಯಲ್ಲೂ ಅದು ‘ಬೇಡ’ ಎಂದು ಕೇಳಿಸಲಿಲ್ಲ.

ಒಂಬತ್ತು ಗಂಟೆಗೆ ಉಪಾಧ್ಯರ ಹೆಂಡತಿ ನರ್ಮದಾ ನೆರೆಮನೆಯವರ ರಿಕ್ಷಾದಲ್ಲಿ ಬಂದರು. ಹತ್ತಕ್ಕೆ ಮಗಳು ಪ್ರಿಯಂವದಾ ಕಾರ್ಕಳದಿಂದ ಬಂದಳು. ಅವಳು ಅಲ್ಲಿನ ಪಿಯು ಕಾಲೇಜೊಂದರಲ್ಲಿ ಉಪನ್ಯಾಸಕಿ, ಒಬ್ಬಳೇ ಮಗಳು. ಮೆದುಳಿನ ಎಡಭಾಗದಲ್ಲಿ ರಕ್ತಸ್ರಾವವಾಗಿದೆ, ಎಪ್ಪತ್ತೆರಡು ಗಂಟೆ ಏನೂ ಹೇಳಲಾಗದು, ಊತ ಹೆಚ್ಚಾದರೆ ತಲೆ ತೆರೆಯಬೇಕಾದೀತು ಎಂದು ಡಾಕ್ಟರು ವಿವರಿಸಿದರು. ಬದುಕಿದರೂ ಮಾತು ಮರಳುವುದು ಅನುಮಾನ. ಕೊನೆಗೆ, ಇವರು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದಂತೆ ಕಾಣುವುದಿಲ್ಲ ಎಂದರು.

ಪ್ರಿಯಂವದಾ ಅಮ್ಮನ ಕಡೆ ತಿರುಗಿದಳು. ತಿಂಗಳು ತಿಂಗಳು ತಾನೇ ಕಾರ್ಕಳದಿಂದ ಮಾತ್ರೆ ತಂದುಕೊಡುತ್ತೇನೆ, ಅಪ್ಪ ತೆಗೆದುಕೊಳ್ಳುತ್ತಿದ್ದರಲ್ಲ ಎಂದು ಕೇಳಿದಳು. ನರ್ಮದಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಇವರು ಎಲ್ಲ ತಾವೇ ನೋಡಿಕೊಳ್ಳುವುದಲ್ವಾ ಎಂದಷ್ಟೇ ಹೇಳಿದರು.

ಮಧ್ಯಾಹ್ನ ಪ್ರಿಯಂವದಾ ಎಲ್ಲೂರಿನ ಮನೆಗೆ ಹೋಗಿ ಅಪ್ಪನ ಕಪಾಟು ತೆರೆದಳು. ಹಳೆಯ ಪಠ್ಯಪುಸ್ತಕಗಳ ಹಿಂದೆ ಮೂರು ತಿಂಗಳ ಮಾತ್ರೆಯ ಪಟ್ಟಿಗಳು ಒಡೆಯದೆ ಇದ್ದವು. ಸಂಜೆ ಅವಳು ಅವುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದು, ಕಾರಿಡಾರಿನಲ್ಲಿ ಇನ್ನೂ ಕೂತಿದ್ದ ವೆರೊನಿಕಾಳ ಎದುರು ನಿಂತಳು.

“ಜನವರಿಯಲ್ಲಿ ಅಪ್ಪ ಫೋನಿನಲ್ಲಿ ಹೇಳಿದ್ರು, ಟೀಚರ್‌ನ ಯಾರೋ ಅಜ್ಜಿ ತೈ ಚಿ ಮಾಡಿ ಮಾತ್ರೆ ಬಿಟ್ರಂತೆ ಅಂತ. ನಾನು ತಮಾಷೆ ಅಂದುಕೊಂಡೆ. ನೀವು ಅಪ್ಪನಿಗೆ ಮಾತ್ರೆ ಬಿಡಿ ಅಂತ ಹೇಳಿದ್ದೀರಾ?”

ಪಕ್ಕದಲ್ಲಿ ನರ್ಮದಾ ಇದ್ದರು. ಎರಡು ಕುರ್ಚಿ ಆಚೆ ಬೇರೆ ರೋಗಿಯ ಮನೆಯವರು ಮಾತು ನಿಲ್ಲಿಸಿ ಕೇಳುತ್ತಿದ್ದರು.

“ಇಲ್ಲ,” ಎಂದಳು ವೆರೊನಿಕಾ. “ಮಾತ್ರೆ ಬಿಡಿ ಅಂತ ನಾನು ಹೇಳಲಿಲ್ಲ.”

ಪ್ರಿಯಂವದಾ ಚೀಲದ ಬಾಯಿಯನ್ನು ಕೈಗೆ ಸುತ್ತಿಕೊಂಡಳು. ಅಪ್ಪ ಒಂದು ಹಂತಕ್ಕೆ ಬರಲಿ, ಆಮೇಲೆ ಠಾಣೆಗೆ ಹೋಗುತ್ತೇನೆ, ಓದದೆ ಬರೆಯದೆ ವೈದ್ಯ ಮಾಡುವವರನ್ನು ಸುಮ್ಮನೆ ಬಿಡುವವಳಲ್ಲ ಎಂದು ತಗ್ಗಿದ ಧ್ವನಿಯಲ್ಲೇ ಹೇಳಿದಳು. ಈಗ ಇಲ್ಲಿಂದ ಹೋಗಿ ಎಂದಳು. ವೆರೊನಿಕಾ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಯಾರೂ ಬರಲಿಲ್ಲ. ಎಂಟು ಗಂಟೆಗೆ ಮಂಡಲದ ಕಾರ್ಯದರ್ಶಿ ಬಂದು, ಸದ್ಯಕ್ಕೆ ಬೇಡ ಎಂದು ಸಮಿತಿಯವರು ಹೇಳುತ್ತಾರೆ ಎಂದು ಬೀಗದ ಕೈ ವಾಪಸ್ಸು ಕೇಳಿದರು. ಚೀನಾದ ಮಂತ್ರ ಹೇಳಿಸಿ ಮೇಷ್ಟ್ರ ತಲೆ ಕೆಡಿಸಿದಳು ಎಂದು ಮೀನು ಮಾರ್ಕೆಟ್ಟಿನಲ್ಲಿ ಮಾತಾಯಿತಂತೆ. ಅದನ್ನು ಅವಳಿಗೆ ಹೇಳಿದವಳು ಶೈಲಶ್ರೀ. ಬ್ಯಾಂಕಿಗೆ ಹೋಗುವ ಮೊದಲು ಬಸ್ ನಿಲ್ದಾಣದ ಬದಿಯಲ್ಲಿ ವೆರೊನಿಕಾಳನ್ನು ಕಂಡು ನಿಂತಿದ್ದಳು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅವಳು ಇನ್ನೊಂದು ಮಾತು ಹೇಳಿದಳು.

“ಅವತ್ತು ಚಾ ಕುಡಿಯೋ ಮುಂದ ಮಾಸ್ತರು ನಿಮ್ಮನ್ನ ಕೇಳಿದ್ದು ನಾನೂ ಕೇಳೀನ್ರಿ, ಟೀಚರ್. ನೀವು ನಕ್ಕಿದ್ದೂ ನೋಡೀನಿ. ಆದ್ರ ಯಾರ ಕೇಳಿದ್ರೂ ನನಗೇನೂ ನೆನಪಿಲ್ಲ ಅಂತೀನಿ. ಜಿತೇಂದ್ರ ಅವರೂ ಹಂಗ ಅಂತಾರ. ನೀವು ಚಿಂತಿ ಮಾಡಬ್ಯಾಡ್ರಿ.”

ಶೈಲಶ್ರೀ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಆದರೆ ಶಿರ್ವದ ಬಸ್ಸಿನಲ್ಲಿ ವೆರೊನಿಕಾ ಆ ಮಾತನ್ನೇ ಮತ್ತೆ ಮತ್ತೆ ತಿರುಗಿಸಿ ನೋಡಿದಳು. ತಾನು ಮುಚ್ಚಿಟ್ಟದ್ದನ್ನು ಇನ್ನಿಬ್ಬರು ಈಗ ತನಗಾಗಿ ಮುಚ್ಚಿಡಲು ಹೊರಟಿದ್ದರು. ಮನೆಯಲ್ಲಿ ಅವಳು ಅಂಗಳಕ್ಕೆ ಇಳಿದು ತೈ ಚಿಯ ಮೊದಲ ಭಂಗಿಗೆ ನಿಂತಳು. ಹಾಂಗ್‌ಕಾಂಗಿನಲ್ಲಿ ಎಂಥ ಕೆಟ್ಟ ದಿನಗಳನ್ನೂ ಅವಳು ಹೀಗೆ ನಿಂತೇ ದಾಟಿದ್ದಳು. ಭುಜ ಇಳಿಬಿಟ್ಟಳು, ಮಂಡಿ ಸಡಿಲಿಸಿದಳು. ಕೈ ಎತ್ತುವಾಗ ಅರ್ಧದಲ್ಲಿ ನಿಂತ ಆ ಇನ್ನೊಂದು ಕೈ ಕಣ್ಣ ಮುಂದೆ ಬಂತು. ಉಸಿರು ಎದೆಯಿಂದ ಕೆಳಗೆ ಇಳಿಯಲೇ ಇಲ್ಲ. ಎರಡು ದಿನ ಹೀಗೆಯೇ ಆಯಿತು. ಮೂರನೆಯ ದಿನ ಅವಳು ಪ್ರಯತ್ನಿಸಲಿಲ್ಲ. ಸೀರೆ ಬದಲಿಸಿ ಮಣಿಪಾಲಕ್ಕೆ ಹೊರಟಳು.

ತೀವ್ರ ನಿಗಾ ಘಟಕದ ಹೊರಗೆ ನರ್ಮದಾ ಒಬ್ಬರೇ ಇದ್ದರು. ಪ್ರಿಯಂವದಾ ಔಷಧಿ ತರಲು ಕೆಳಗೆ ಹೋಗಿದ್ದಳು. ಊತ ಇನ್ನೂ ಇಳಿದಿಲ್ಲ, ಕರೆದರೆ ಕಣ್ಣು ತೆರೆಯುತ್ತಾರೆ, ಮಾತಿಲ್ಲ ಎಂದು ನರ್ಮದಾ ಹೇಳಿದರು. ಪಕ್ಕದ ಕುರ್ಚಿ ತೋರಿಸಿದರು. ವೆರೊನಿಕಾ ಕೂತಳು. ಡಿಸೆಂಬರಿನ ಮಾತನ್ನು ಮೊದಲು ಇವರಿಗೇ ಹೇಳಬೇಕು ಎಂದುಕೊಂಡು ಬಂದಿದ್ದಳು. ಬಾಯಿ ತೆರೆಯುವ ಮೊದಲೇ ನರ್ಮದಾ ಮಾತಾಡಿದರು.

“ನನಗೆ ಗೊತ್ತಿತ್ತು, ವೆರೊನಿಕಾ.”

ವೆರೊನಿಕಾಳಿಗೆ ಅರ್ಥವಾಗಲಿಲ್ಲ. ನರ್ಮದಾ ಗಾಜಿನ ಬಾಗಿಲಿನಿಂದ ಕಣ್ಣು ತೆಗೆಯದೆ ಮೆಲುದನಿಯಲ್ಲಿ ಹೇಳುತ್ತಾ ಹೋದರು. ಸಂಕ್ರಾಂತಿಯ ವಾರ ಕಪಾಟು ಒರೆಸುವಾಗ ಅವರಿಗೆ ಮಾತ್ರೆಯ ಪಟ್ಟಿಗಳು ಸಿಕ್ಕಿದ್ದವು. ಕೇಳಿದ್ದಕ್ಕೆ ಗಂಡ ನಕ್ಕು, ನನಗೆ ಈಗ ಬೇಕಾಗಿಲ್ಲ, ಮಗಳಿಗೆ ಹೇಳಬೇಡ ಎಂದಿದ್ದರು. ಅವರು ನಕ್ಕದ್ದೇ ನರ್ಮದಾರನ್ನು ತಡೆದದ್ದು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಊಟದ ಬಟ್ಟಲು ಎಷ್ಟು ಸಲ ಗೋಡೆಗೆ ಹೋಗಿತ್ತೋ ಅವರಿಗೆ ಲೆಕ್ಕವಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ, ಕರೆಂಟು ಹೋದರೆ, ಪತ್ರಿಕೆ ತಡವಾದರೆ. ಈ ತರಗತಿಗೆ ಹೋಗತೊಡಗಿದ ಮೇಲೆ ಆ ಮನುಷ್ಯ ಸಂಜೆ ಅಂಗಳದಲ್ಲಿ ನಿಂತು ಮೆಲ್ಲಗೆ ಕೈ ಆಡಿಸುತ್ತಿದ್ದರು, ಒಳಗೆ ಬಂದು ‘ನಿನ್ನದು ಊಟ ಆಯಿತಾ’ ಎಂದು ಕೇಳುತ್ತಿದ್ದರು.

“ಮದುವೆಯಾದ ಮೇಲೆ ಮೊದಲ ಸಲ ನನಗೆ ಮನೆಯಲ್ಲಿ ಹೆದರಿಕೆ ಇಲ್ಲದೆ ಇರ್ಲಿಕ್ಕೆ ಆಯಿತು,” ಎಂದರು ನರ್ಮದಾ. “ಮಾತ್ರೆ ವಿಷಯ ತೆಗೆದು ಜಗಳ ಮಾಡಿದ್ರೆ ಅದು ಪುನಃ ಹೋಗ್ತದೆ ಅಂತ ಅನ್ನಿಸಿತು. ಅದಕ್ಕೆ ಸುಮ್ಮನಾದೆ.”

ಆಮೇಲೆ ಅವರು ವೆರೊನಿಕಾಳ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

“ಪ್ರಿಯಾ ಈಗ ನಿಮ್ಮ ಮೇಲೆ ಸಿಟ್ಟಲ್ಲಿ ಇದ್ದಾಳೆ. ಅದು ಹಾಗೇ ಇರ್ಲಿ. ಅವಳು ನಿಮ್ಮನ್ನು ಎಷ್ಟು ಬೈದರೂ ನಿಮಗೆ ನಿಮ್ಮ ಮನೆ ಉಂಟು, ನಿಮ್ಮ ಊರು ಉಂಟು. ನನಗೆ ಇರುವುದು ಅವಳೊಬ್ಬಳೇ. ನಾಳೆ ಇವರಿಗೆ ಎಂತಾದ್ರೂ ಆದ್ರೆ, ಅಪ್ಪನನ್ನು ನಾನೇ ಹಾಳು ಮಾಡಿದ್ದು ಅಂತ ಅವಳು ನನ್ನ ಮುಖ ನೋಡ್ಲಿಕ್ಕಿಲ್ಲ.”

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದು ಪ್ರಿಯಂವದಾ ಹೊರಬಂದಳು. ನರ್ಮದಾ ಕೈ ಬಿಟ್ಟರು.

ಇಲ್ಲಿಗೆ ಯಾಕೆ ಬಂದಿರಿ ಎಂದು ಪ್ರಿಯಂವದಾ ಕೇಳಿದಳು. ನಿಮ್ಮ ಹತ್ತಿರ ಮಾತಾಡಲಿಕ್ಕೆ ಉಂಟು, ಆ ಕಡೆ ಬನ್ನಿ ಎಂದಳು ವೆರೊನಿಕಾ. ನರ್ಮದಾರ ಮುಖ ಬಿಳಿಚಿತು. ವೆರೊನಿಕಾ ಅದನ್ನು ನೋಡಿದಳು, ಆದರೆ ಏನೂ ಸನ್ನೆ ಮಾಡಲಿಲ್ಲ. ತಾನು ಎಷ್ಟು ಹೇಳುತ್ತೇನೆ ಎಂಬುದು ಅವಳಿಗೇ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ನರ್ಮದಾರ ಹೆಸರು ಹೇಳಿದರೆ ತನ್ನ ಭಾರ ಅರ್ಧವಾಗುತ್ತದೆ. ಹೇಳುವುದು ಸುಲಭವೂ ಆಗಿತ್ತು, ನಿಜವೂ ಆಗಿತ್ತು.

ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ಇಬ್ಬರೂ ನಿಂತರು. ವೆರೊನಿಕಾ ಹೋಟೆಲಿನ ಚಹಾದಿಂದ ಶುರುಮಾಡಿದಳು. ಪೊಪೊಳ ಕಥೆ ಹೇಗೆ ಹೇಳಿದೆ, ಅದರಲ್ಲಿ ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ. ಅಪ್ಪ ಏನು ಕೇಳಿದರು, ತಾನು ಏನೆಂದೆ. ಪ್ರಿಯಂವದಾ ನಡುವೆ ಕೈ ಎತ್ತಿ ತಡೆದಳು. ಮೊಬೈಲ್ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಪರದೆಯಲ್ಲಿ ಕೆಂಪು ಚುಕ್ಕೆ ಹೊತ್ತಿಕೊಂಡಿತು.

“ಇನ್ನೊಮ್ಮೆ ಹೇಳಿ. ಮೊದಲಿನಿಂದ.”

ವೆರೊನಿಕಾ ಕಟ್ಟೆಗೆ ಕೈ ಊರಿದಳು. ಈ ಮಾತು ನಾಳೆ ಠಾಣೆಗೆ ಹೋಗುತ್ತದೆ ಎಂದು ಗೊತ್ತಿದ್ದೇ ಅವಳು ಇನ್ನೊಮ್ಮೆ ಹೇಳಿದಳು.

“ಮೊನ್ನೆ ಇಲ್ಲ ಅಂದಿರಿ,” ಎಂದಳು ಪ್ರಿಯಂವದಾ.

“ಬಿಡಿ ಅಂತ ನಾನು ಹೇಳಲಿಲ್ಲ, ಅದು ಸರಿ. ಆದ್ರೆ ಬಿಡಬೇಡಿ ಅಂತಲೂ ಹೇಳಲಿಲ್ಲ. ಅವರು ಕೇಳಿದಾಗ ಹೇಳ್ಬೇಕಿತ್ತು. ನಾನು ನಕ್ಕೆ.”

“ಮತ್ತೆ ಬೇರೆ ಯಾರಿಗೆ ಗೊತ್ತಿತ್ತು ಅಪ್ಪ ಮಾತ್ರೆ ಬಿಟ್ಟದ್ದು?”

ಆ ಪ್ರಶ್ನೆಯನ್ನು ವೆರೊನಿಕಾ ನಿರೀಕ್ಷಿಸಿರಲಿಲ್ಲ. ಕಾರಿಡಾರಿನ ಆ ತುದಿಯಲ್ಲಿ ನರ್ಮದಾ ಕುರ್ಚಿಯಿಂದ ಎದ್ದು ನಿಂತಿದ್ದರು. ಅಷ್ಟು ದೂರಕ್ಕೆ ಮಾತು ಕೇಳುತ್ತಿರಲಿಲ್ಲ. ಆದರೂ ಅವರು ಇತ್ತಲೇ ನೋಡುತ್ತಿದ್ದರು.

“ನಾನು ಮಾಡಿದ್ದನ್ನು ಮಾತ್ರ ಹೇಳ್ಲಿಕ್ಕೆ ಬಂದದ್ದು,” ಎಂದಳು ವೆರೊನಿಕಾ. “ಬೇರೆಯವರದ್ದು ನನ್ನ ಹತ್ತಿರ ಕೇಳ್ಬೇಡಿ.”

ಪ್ರಿಯಂವದಾ ಮೊಬೈಲ್ ಎತ್ತಿಕೊಂಡು ಹೋದಳು.

ಮರುದಿನ ಊತ ಇಳಿಯತೊಡಗಿತು. ಆಪರೇಷನ್ ಬೇಡ ಎಂದರು ಡಾಕ್ಟರು. ಆರನೆಯ ದಿನ ಠಾಣೆಯಿಂದ ವೆರೊನಿಕಾಳಿಗೆ ಫೋನ್ ಬಂತು.

ಅವಳು ಹೋದಾಗ ಪ್ರಿಯಂವದಾ, ನರ್ಮದಾ ಇಬ್ಬರೂ ಅಲ್ಲಿದ್ದರು. ಎಸ್‌ಐ ಮಧ್ಯವಯಸ್ಸಿನ ಹೆಂಗಸು, ಅವಸರವಿಲ್ಲದೆ ಬರೆದುಕೊಳ್ಳುವವರು. ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಮೊಬೈಲಿನ ಧ್ವನಿ ಕೇಳಿಸಿಕೊಂಡರು. ಇದು ನಿಮ್ಮದೇ ಧ್ವನಿಯಾ ಎಂದು ವೆರೊನಿಕಾಳನ್ನು ಕೇಳಿದರು. ಹೌದೆಂದಳು. ತರಬೇತಿಯ ಪ್ರಮಾಣಪತ್ರ ಉಂಟಾ ಎಂದು ಕೇಳಿದರು. ಇಲ್ಲವೆಂದಳು. ಔಷಧಿ ಏನಾದರೂ ಕೊಟ್ಟದ್ದುಂಟಾ ಎಂದರು. ಇಲ್ಲ. ಇದು ಯಾವ ಕಲಮಿನಡಿ ಬರುತ್ತದೆ, ಬರುತ್ತದೋ ಇಲ್ಲವೋ ತಾನು ಮೇಲಿನವರನ್ನು ಕೇಳಬೇಕು, ಆದರೂ ಹೇಳಿಕೆ ಪೂರ್ತಿ ಬರೆದುಕೊಳ್ಳುತ್ತೇನೆ ಎಂದರು. ಆಮೇಲೆ ನರ್ಮದಾರ ಕಡೆ ತಿರುಗಿದರು.

“ಅಮ್ಮಾ, ಮೂರು ತಿಂಗಳು ಮಾತ್ರೆ ತೆಗೊಳ್ಳಲಿಲ್ಲ ಅಂತ ಹೇಳ್ತಾರೆ. ಒಂದೇ ಮನೆಯಲ್ಲಿ ಇದ್ದವರು ನೀವು. ನಿಮಗೆ ಗೊತ್ತಾಗಲಿಲ್ವಾ?”

“ಅಪ್ಪ ಯಾವುದನ್ನೂ ಅಮ್ಮನಿಗೆ ಹೇಳುವವರಲ್ಲ, ಮೇಡಂ,” ಎಂದಳು ಪ್ರಿಯಂವದಾ.

ಎಸ್‌ಐ ಪೆನ್ನು ಹಿಡಿದು ಕಾದರು. ಮೇಜಿನ ಮೇಲಿನ ಫ್ಯಾನು ತಿರುಗಿದ ಕಡೆಗೆಲ್ಲ ಕಾಗದ ಏಳುತ್ತಿತ್ತು. ಉತ್ತರ ಮಗಳೇ ಕೊಟ್ಟಾಗಿತ್ತು. ನರ್ಮದಾ ತಲೆ ಆಡಿಸಿದರೆ ಸಾಕಿತ್ತು. ವೆರೊನಿಕಾ ತನ್ನ ಚಪ್ಪಲಿಯನ್ನು ನೋಡುತ್ತಾ ಕೂತಳು. ಕತ್ತೆತ್ತಿದರೆ ನರ್ಮದಾರ ಕಣ್ಣು ಸಿಗುತ್ತದೆ, ಸಿಕ್ಕರೆ ಅದು ಒತ್ತಾಯವಾಗುತ್ತದೆ ಎಂಬ ಭಯ ಅವಳಿಗೆ. ಬೇಗ ಮುಗಿಯಲಿ ಎಂದು ಮನಸ್ಸಿನಲ್ಲೇ ಕೇಳಿಕೊಂಡಳು.

“ಗೊತ್ತಿತ್ತು,” ಎಂದರು ನರ್ಮದಾ.

ಪ್ರಿಯಂವದಾ ಅಮ್ಮನ ಭುಜ ಮುಟ್ಟಿದಳು, ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ. ನರ್ಮದಾ ಆ ಕೈಯನ್ನು ಮೆಲ್ಲಗೆ ಸರಿಸಿದರು. ಸಂಕ್ರಾಂತಿಯಿಂದ ಗೊತ್ತಿತ್ತು, ನಾನೇ ಮಗಳಿಗೆ ಹೇಳಲಿಲ್ಲ, ಆಸ್ಪತ್ರೆಯಲ್ಲಿ ಕೇಳಿದಾಗಲೂ ಹೇಳಲಿಲ್ಲ, ವೆರೊನಿಕಾರಿಗೆ ಅದು ಗೊತ್ತಿದ್ದೂ ನನ್ನ ಹೆಸರು ಎತ್ತಲಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಕೊನೆಗೆ, “ಅವರ ಹೆಸರು ಬರೆಯುವುದಾದ್ರೆ ನನ್ನದೂ ಬರೀರಿ,” ಎಂದರು.

ಎಸ್‌ಐ ಬರೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಹೊರಗೆ ಹೋಗಿ ನೀವು ನೀವೇ ಮಾತಾಡಿಕೊಂಡು ಬನ್ನಿ ಎಂದರು.

ಹೊರಗೆ ಬಂದು ಪ್ರಿಯಂವದಾ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡು ಸ್ಟೇರಿಂಗಿಗೆ ಹಣೆ ಹಚ್ಚಿ ಕಾಲು ಗಂಟೆ ಹಾಗೇ ಇದ್ದಳು. ನರ್ಮದಾ ಕಾರಿನ ಪಕ್ಕ ಬಿಸಿಲಿನಲ್ಲಿ ನಿಂತಿದ್ದರು. ಬಾಗಿಲು ತಟ್ಟಲಿಲ್ಲ. ವೆರೊನಿಕಾ ತನ್ನ ಕೊಡೆ ಬಿಡಿಸಿ ಅವರ ತಲೆಯ ಮೇಲೆ ಹಿಡಿದಳು. ಕೊನೆಗೆ ಪ್ರಿಯಂವದಾ ಇಳಿದು ಬಂದು, ಇಬ್ಬರನ್ನೂ ನೋಡದೆ ಒಳಗೆ ಹೋಗಿ ಅರ್ಜಿ ವಾಪಸ್ಸು ಪಡೆದಳು. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು.

ಆಮೇಲಿನ ಸಂಗತಿಗಳು ವೆರೊನಿಕಾಳಿಗೆ ತಿಳಿದದ್ದು ಜಿತೇಂದ್ರನಿಂದ. ಉಪಾಧ್ಯರನ್ನು ಇಪ್ಪತ್ತಮೂರನೆಯ ದಿನ ಮನೆಗೆ ಕಳಿಸಿದರು. ಬಲಗೈ ಏಳುವುದಿಲ್ಲ, ಬಲಗಾಲಿಗೆ ಸ್ವಲ್ಪ ಬಲವಿದೆ. ಮಾತು ನಾಲ್ಕೈದು. ಪ್ರಿಯಂವದಾ ರಜೆ ಹಾಕಿ ಎಲ್ಲೂರಿನಲ್ಲೇ ಇದ್ದಾಳೆ. ಬೇಕಾದಷ್ಟು ಬಿಟ್ಟು ಅಮ್ಮನ ಹತ್ತಿರ ಮಾತಿಲ್ಲವಂತೆ. ಕಾಪುವಿನ ಅಂಗಳದ ಬೀಗದ ಕೈ ವೆರೊನಿಕಾಳಿಗೆ ಮರಳಿ ಸಿಗಲಿಲ್ಲ. ಅವಳೂ ಕೇಳಲಿಲ್ಲ.

ಮೇ ತಿಂಗಳ ಎರಡನೆಯ ವಾರ ಪ್ರಿಯಂವದಾ ಫೋನ್ ಮಾಡಿದಳು. ನಾನು ಏನನ್ನೂ ಮರೆತಿಲ್ಲ, ಅದನ್ನು ಮೊದಲೇ ಹೇಳುತ್ತೇನೆ ಎಂದು ಶುರುಮಾಡಿದಳು. ಫಿಸಿಯೊಥೆರಪಿಯವರು ವಾರಕ್ಕೆ ಮೂರು ದಿನ ಬರುತ್ತಾರೆ. ಉಳಿದ ದಿನ ಅಪ್ಪನನ್ನು ಎಬ್ಬಿಸಿ ನಿಲ್ಲಿಸಬೇಕು, ಕಾಲಿನಿಂದ ಕಾಲಿಗೆ ಭಾರ ಬದಲಿಸುವುದನ್ನು ಮಾಡಿಸಬೇಕು. ಅಮ್ಮನ ಕೈಗೆ ಅಷ್ಟು ಬಲವಿಲ್ಲ. ಇಟ್ಟುಕೊಂಡ ಇಬ್ಬರು ಹೋಂ ನರ್ಸುಗಳೂ ಅಪ್ಪನ ಸಿಟ್ಟಿಗೆ ಹೆದರಿ ಹೋದರು. ಬರುತ್ತೀರಾ ಎಂದು ಮಾತ್ರ ಕೇಳಲಿಲ್ಲ. ಆ ಕಡೆಯಿಂದ ಕೋಳಿ ಕೂಗುವುದು ಕೇಳುತ್ತಿತ್ತು.

ಪೊಪೊಳ ಕೊನೆಯ ಮೂರು ವರ್ಷ ಇದೇ ಕೆಲಸ ಮಾಡಿದ್ದೇನೆ ಎಂದಳು ವೆರೊನಿಕಾ. “ಆದ್ರೆ ನೀವು ಡಾಕ್ಟರ್ ಹತ್ತಿರ ಹೋಗಿ. ಎಂತ ಮಾಡಬಹುದು, ಎಂತ ಮಾಡಬಾರದು ಅಂತ ಬರೆಸಿಕೊಂಡು ಬನ್ನಿ. ಬರೆದದ್ದಕ್ಕಿಂತ ಒಂದೂ ಹೆಚ್ಚು ನಾನು ಮಾಡ್ಲಿಕ್ಕಿಲ್ಲ.”

ಎರಡು ದಿನದ ನಂತರ ಅವಳು ಎಲ್ಲೂರಿಗೆ ಹೋದಾಗ ಕಾಗದ ಮೇಜಿನ ಮೇಲಿತ್ತು. ಓದಿ, ಅರ್ಥವಾಗದ ಎರಡು ಸಾಲುಗಳನ್ನು ಪ್ರಿಯಂವದಾಳಿಂದ ವಿವರಿಸಿಕೊಂಡು ಒಳಗೆ ಹೋದಳು. ಉಪಾಧ್ಯರು ಮಂಚದ ಅಂಚಿನಲ್ಲಿ ಕೂತಿದ್ದರು, ಅರ್ಧದಷ್ಟಾಗಿದ್ದರು. ಅವಳನ್ನು ಕಂಡು ಮುಖವನ್ನು ಗೋಡೆಗೆ ತಿರುಗಿಸಿದರು. ನರ್ಮದಾ ಗಂಜಿಯ ಚಮಚ ಬಾಯಿಯ ಹತ್ತಿರ ಹಿಡಿದಿದ್ದರು. ಅವರು ಎಡಗೈಯಿಂದ ಅದನ್ನು ತಳ್ಳಿದರು. ಚಮಚ ಕಿಟಕಿಯ ಕೆಳಗೆ ಹೋಗಿ ಬಿತ್ತು. ನರ್ಮದಾ ಅದನ್ನು ಹೆಕ್ಕಿ ತಂದರು.

ವೆರೊನಿಕಾ ಅವರ ಸೊಂಟಕ್ಕೆ ಅಗಲ ಪಟ್ಟಿ ಬಿಗಿದು ಹಿಂದೆ ನಿಂತಳು. ಪ್ರಿಯಂವದಾ ಎದುರು ವಾಕರ್ ಹಿಡಿದಳು. “ಏಳುವ, ಮಾಸ್ಟ್ರೇ,” ಎಂದಳು ವೆರೊನಿಕಾ. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಅರ್ಧ ಎದ್ದು ಪುನಃ ಕೂತುಬಿಟ್ಟರು. ಮೂರನೆಯ ಸಲ ಅವರ ಇಡೀ ಭಾರ ಅವಳ ಕೈಗೆ ಬಂತು, ಒಮ್ಮೆ ಬಲಕ್ಕೆ ವಾಲಿದರು, ಪ್ರಿಯಂವದಾ ವಾಕರನ್ನು ಒತ್ತಿ ಹಿಡಿದಳು. ವೆರೊನಿಕಾ ಎಳೆಯಲಿಲ್ಲ, ತಳ್ಳಲಿಲ್ಲ; ತನ್ನ ಮಂಡಿ ಮಡಚಿ ಅವರ ಜೊತೆಗೇ ವಾಲಿ, ಅವರ ಜೊತೆಗೇ ನಡುವಿಗೆ ಬಂದಳು. ಅವರು ನಿಂತರು. ಕಾಲು ಜೋರಾಗಿ ನಡುಗುತ್ತಿತ್ತು. ಆದರೂ ನಿಂತರು. ಬೆವರು ಕಿವಿಯ ಹಿಂದಿನಿಂದ ಇಳಿಯಿತು.

ಕೂರಿಸುವಾಗ ಅವರ ಬಾಯಿಯಿಂದ ತುಳುವಿನಲ್ಲಿ ಒಂದು ಬೈಗುಳ ಬಂತು. ಸ್ಪಷ್ಟವಾಗಿ, ಒಂದಕ್ಷರವೂ ತೊದಲದೆ. ಇಷ್ಟು ಸ್ಪಷ್ಟವಾಗಿ ಎರಡು ತಿಂಗಳಲ್ಲಿ ಅವರು ಏನನ್ನೂ ಹೇಳಿರಲಿಲ್ಲ. ಪ್ರಿಯಂವದಾ ಅಮ್ಮನ ಕಡೆ ನೋಡಿದಳು. ನರ್ಮದಾ ಬಾಗಿಲಿನ ಹೊಸ್ತಿಲಲ್ಲಿ ಕೂತುಬಿಟ್ಟಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗುತ್ತಿರಲಿಲ್ಲ. ಮಗಳು ವಾಕರ್ ಬಿಟ್ಟು ಹೋಗಿ ಅವರ ಪಕ್ಕದಲ್ಲಿ ಕೂತಳು.

ಸಾಕು ಇವತ್ತಿಗೆ ಎಂದಳು ವೆರೊನಿಕಾ. ಕಾಗದದಲ್ಲಿ ಮೂರು ಸಲ ಎಂದೇ ಬರೆದಿತ್ತು. ಪಟ್ಟಿ ಬಿಚ್ಚಿ ಮಡಚಿಟ್ಟಳು. ಬಸ್ಸಿನವರೆಗೆ ಪ್ರಿಯಂವದಾ ಅವಳನ್ನು ಕಾರಿನಲ್ಲಿ ಬಿಟ್ಟಳು. ಇಳಿದು ಬಾಗಿಲು ಹಾಕುವಾಗ ಪ್ರಿಯಂವದಾ ಎದುರಿನ ರಸ್ತೆಯನ್ನೇ ನೋಡುತ್ತಾ ಕೇಳಿದಳು.

“ನಾಡಿದ್ದು ಎಷ್ಟು ಗಂಟೆಗೆ ಬರ್ತೀರಿ?”

ಏಳಕ್ಕೆ, ಬಿಸಿಲು ಏರುವ ಮೊದಲು ಎಂದಳು ವೆರೊನಿಕಾ.